ತ್ರಿವೇಣಿಯ ನಿಲ್ಲದ ಕಾಲು

ರಾಸ್ತಾ ಪೇಠ, ಪುಣೆ
೨೦-೧೧-೨೦೦೧, ಮಂಗಳವಾರ

ಪ್ರೀತಿಯ ಮಾಂತು,

ನಿನ್ನ ಕೆಮ್ಮು ಕಡಿಮೆಯಾಯಿತೇ? ಇಂದಾಪುರದಲ್ಲಿ ಚಳಿ ಬಿದ್ದಿರಬೇಕು, ಸಕ್ಕರೆ ಕಾರ್ಖಾನೆಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಹೊಂದಿಸಿಕೊಂಡು ಓದು. ಆದರೆ ಪೂರ್ತಿ ಓದು.

ನಿನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದೀಪಾವಳಿ ಪಾಡ್ಯದ ದಿನ ನಿನ್ನ ಹೆಂಡತಿ ತ್ರಿವೇಣಿ ನಿನಗೆ ಆರತಿ ಬೆಳಗುವಾಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗಾಡುತ್ತಿದ್ದಳು. ವಾಡೆಯ ನೆರೆಮನೆ ಮಂದಿಯೆಲ್ಲ ನೋಡುತ್ತಿರುವಾಗ ನೀನು "ನಾಟಕ ಸಾಕು, ನೆಟ್ಟಗ ನಿಂದ್ರು" ಎಂದು ಗದರಿಸಿ ಎದ್ದುಹೋದೆ. ಅಷ್ಟು ಸಾಲದೆಂದು ದೌಂಡದಲ್ಲಿರುವ ಅವಳಪ್ಪ ಮಾರ್ತಾಂಡ ಅವರಿಗೆ, ಭಾನುವಾರ ಬಂದು ಮಗಳನ್ನು ಕಾಯಂ ಕರೆದುಕೊಂಡು ಹೋಗಿ ಎಂದು ಫೋನ್ ಮಾಡಿದೆ. ಹೊರಡುವಾಗ ನನಗೆ, "ಹುಚ್ಚಿನ ಗುಳಿಗಿ ಒಂದು ಜಾಸ್ತಿ ಕೊಡವ್ವ, ತಣ್ಣಗ ಕೂಡ್ತಾಳ" ಎಂದೆ. ನಾನೂ ಬುದ್ಧಿಯಿಲ್ಲದವಳು, ಎರಡು ದಿನ ಕೊಟ್ಟೆ. ಅವಳು ಗ್ಯಾಲರಿಯಲ್ಲಿ ಆ ತುದಿಗೂ ಈ ತುದಿಗೂ ನಡೆದು ನಡೆದು ಹಿಮ್ಮಡಿ ಒಡೆದುಕೊಂಡಳು. ಉಣ್ಣಲು ಕೂತರೆ ಎರಡು ತುತ್ತಿಗೆ ಏಳುವಳು. "ಅತ್ತೀ, ಕಾಲೊಳಗ ಇರವಿ ಹರದಂಗ ಆಗ್ತದರಿ, ಕುಂತ್ರ ಜೀವಾನ ಬ್ಯಾಡನಸ್ತದ" ಎಂದು ಅತ್ತಳು. ಅವಳ ತಲೆಯೊಳಗಿನ ದನಿಗಳು ನಿಂತು ನಾಲ್ಕು ತಿಂಗಳಾಯಿತು. ನಿನಗೆ ಅದೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ನಿನ್ನೆ ಅವಳ ತಲೆಯ ಬೇನೆ ನೋಡುವ ಡಾಕ್ಟರ್ ಬಾಯಿಯವರ ಹತ್ತಿರ ಕರೆದೊಯ್ದೆ. ಕೇಳದೆ ಗುಳಿಗೆ ಹೆಚ್ಚು ಮಾಡಿದ್ದಕ್ಕೆ ನನ್ನನ್ನು ಚೆನ್ನಾಗಿ ಬೈದರು. ಆ ಗುಳಿಗೆಯೇ ಕೆಲವರ ಕಾಲು ನಿಲ್ಲದಂತೆ ಮಾಡುತ್ತದಂತೆ. ಹಬ್ಬಕ್ಕೆ ಮೊದಲು ಮಾಡಿಸಿದ ರಕ್ತದ ರಿಪೋರ್ಟಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆಯಿದೆ, ಹಾಗಿದ್ದವರಿಗೆ ಈ ಕಾಟ ಇನ್ನೂ ಜಾಸ್ತಿಯಾಗಬಹುದು ಎಂದರು. ಮೊದಲಿನ ಗುಳಿಗೆಯ ಪ್ರಮಾಣ ಇಳಿಸಿದ್ದಾರೆ, ನಾವೇ ನಿಲ್ಲಿಸಬಾರದಂತೆ. ಕಬ್ಬಿಣದ ಗುಳಿಗೆ ಬೇರೆ ಕೊಟ್ಟಿದ್ದಾರೆ, ಚಹಾದ ಜೊತೆ ನುಂಗಬಾರದು. ನಾನು ನಿನ್ನೆಯಿಂದ ಹತ್ತು ಸಲ ಚೀಟಿ ತೆಗೆದು ನೋಡಿದ್ದೇನೆ, ಯಾವುದರ ಬದಲು ಯಾವುದು ಕೊಟ್ಟೆನೋ ಎಂದು. ನೀನು ಮಾತ್ರ ನಾಟಕ ಎಂದು ತೀರ್ಮಾನ ಹೇಳಿ ಬಸ್ಸು ಹತ್ತಿದೆ.

ಮೈ ಕಾಪಾಡಿಕೋ. ಆಯುಷ್ಯದ ಜೊತೆ ತಿಳಿವಳಿಕೆಯನ್ನೂ ದೇವರು ನಿನಗೆ ಕೊಡಲಿ.

ನಿನ್ನ ಅವ್ವ,
ಪಾರವ್ವ

ತಾ.ಕ.: ರಕ್ತ ಇಷ್ಟು ಒಣಗಿದ್ದು ಹೇಗೆ ಎಂದು ಡಾಕ್ಟರ್ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅವಳ ಬೇನೆ ಹೋಗಲೆಂದು ಶ್ರಾವಣದಿಂದ ಹದಿನಾರು ಸೋಮವಾರದ ಉಪವಾಸ ಹಿಡಿಸಿದವಳು ನಾನು. ಸಾಲದೆಂದು ಗುರುವಾರ, ಶನಿವಾರವೂ ಸೇರಿಸಿದೆ. ವಾರದಲ್ಲಿ ಮೂರು ದಿನ ಬರೀ ಸಾಬೂದಾಣಿ, ಚಹಾ. ಅವಳು ಒಮ್ಮೆಯೂ ಒಲ್ಲೆ ಎನ್ನಲಿಲ್ಲ. ಇದೆಲ್ಲವನ್ನೂ ಇವತ್ತು ಮಾರ್ತಾಂಡ ಅವರಿಗೆ ಫೋನಿನಲ್ಲಿ ಹೇಳಿದೆ. ಭಾನುವಾರ ಬರುತ್ತಾರೆ, ಮಗಳನ್ನು ಕರೆದೊಯ್ಯಲು ಅಲ್ಲ, ಯಾಕೆ ಹೀಗೆ ಮಾಡಿದಿರಿ ಎಂದು ನಮ್ಮಿಬ್ಬರನ್ನೂ ಕೇಳಲು. ಮೊದಲನೇ ಬಸ್ಸಿಗೆ ಬಾ, ನಾನು ಒಬ್ಬಳೇ ಅವರೆದುರು ಕೂಡಲಾರೆ.