ತಾಗದ ಗುಂಡು

ಚಿಬಾ, ಮಂಗಳವಾರ

ಕುರೊಸೆ ಅವರಿಗೆ,

ಪತ್ರದ ಶುರುವಿಗೆ ವಾಡಿಕೆಯ ಹವೆಯ ಮಾತು, ಹೂವಿನ ಮಾತು ಬಿಟ್ಟು ನೇರ ವಿಷಯಕ್ಕೆ ಬರುತ್ತಿದ್ದೇನೆ, ಕ್ಷಮಿಸಿ.

ಪತ್ರದ ಜೊತೆ ನಮ್ಮ ಯಜಮಾನರ ಆಟದ ರೈಫಲ್ ಕಳಿಸಿದ್ದೇನೆ. ರಿಪೇರಿ ಬಲ್ಲವರು ನಿಮ್ಮ ಯುದ್ಧದಾಟದ ಬಳಗದಲ್ಲಿ ನೀವೊಬ್ಬರೇ. ಒಳಗಿನ ರಬ್ಬರ್ ಬಳೆ ಸವೆದು ಗಾಳಿ ಸೋರುತ್ತಿರಬೇಕು. ಟ್ರಿಗರ್ ಒತ್ತಿದರೆ ಸದ್ದೇನೋ ಬರುತ್ತದೆ, ಗುಂಡು ಮಾತ್ರ ಅಲ್ಲೇ ಉದುರುತ್ತದೆ. ಭಾನುವಾರ ಆಟದ ಮೈದಾನದಲ್ಲಿ ಅವರು ಮಲಗಿ ಗುರಿಯಿಟ್ಟಿದ್ದ ಚಾಪೆ ಮಡಚುವಾಗ, ನಳಿಗೆಯ ಬಾಯಿದ್ದ ಕಡೆಯೇ ಬಿಳಿ ಪ್ಲಾಸ್ಟಿಕ್ ಗುಂಡುಗಳ ರಾಶಿ ಕಂಡಿತು. ಒಂದೂ ಮುಂದೆ ಹೋಗಿರಲಿಲ್ಲ.

ಆದರೂ ನೀವೆಲ್ಲ ಕೈಯೆತ್ತಿ "ಹಿಟ್" ಎಂದು ಕೂಗಿ ಆಟದಿಂದ ಹೊರಗೆ ಹೋದಿರಿ. ಗುಂಡು ತಾಗಿದವನೇ ಒಪ್ಪಿಕೊಳ್ಳುವ ಆಟವಿದು, ಅನುಮಾನಿಸುವವರಿಲ್ಲ. ಕಣ್ಣು ಮಂಜಾಗುತ್ತಿರುವ ಅವರ ಮೇಲಿನ ನಿಮ್ಮ ಮರುಕ ನನಗೆ ಅರ್ಥವಾಗುತ್ತದೆ.

ಯಜಮಾನರು ಮನೆಗೆ ಬಂದವರೇ, "ಹನ್ನೊಂದು ಜನ ಬಿದ್ರು ಕಣೇ. ನನ್ನ ಕಣ್ಣಿಗೇನು ಧಾಡಿ?" ಎಂದರು. ಮರುದಿನ ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿನ ಆಪರೇಷನ್ ಬೇಡವೆಂದರು. ಈ ತಿಂಗಳು ದಾಟಿದರೆ ಎರಡೂ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ನನ್ನ ಮಾತು ಅವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಶನಿವಾರದೊಳಗೆ ರಿಪೇರಿ ಮಾಡಿಕೊಡಿ. ರೈಫಲ್ ಸರಿಯಿಲ್ಲ ಎನ್ನುವ ನೆಪ ಅವರಿಗೆ ಸಿಗಬಾರದು. ಆಮೇಲೆ ಭಾನುವಾರದ ಆಟದಲ್ಲಿ, ತಲೆಬಾಗಿ ಬೇಡುತ್ತೇನೆ, ತಾಗದ ಗುಂಡಿಗೆ ನಿಮ್ಮಲ್ಲಿ ಯಾರೂ ಕೈಯೆತ್ತಬೇಡಿ.

ತದಾಹಿಕೊ ಅವರ ಹೆಂಡತಿ,
ಸೆತ್ಸುಯೊ