ಫೋಟೋ ಅಂಗಡಿಯ ಗಾಜಿನೊಳಗೆ ಅಪ್ಪಯ್ಯ

ಮಂಡ್ಯ
೧೯೪೭ರ ಆಗಸ್ಟ್ ೨೯

ಅಣ್ಣಯ್ಯನಿಗೆ ಚಲುವರಾಜುವಿನ ನಮಸ್ಕಾರ.

ಓದುವ ಮೊದಲು ಅಪ್ಪಯ್ಯನನ್ನು ಕೊಟ್ಟಿಗೆಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೋ. ಇಲ್ಲಿ ಪೇಟೆಬೀದಿಯ ಫೋಟೋ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ! ಸ್ವಾತಂತ್ರ್ಯದ ದಿನ ನಮ್ಮ ಕಿರುಗಾವಲಿನಲ್ಲಿ ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂದಿದೆ. ಅದನ್ನೇ ಬಾಗಿಲಗಲ ಮಾಡಿಸಿ ಗಾಜಿನೊಳಗೆ ತೂಗುಹಾಕಿದ್ದಾರೆ. ನಟ್ಟನಡುವೆ ನಮ್ಮ ಅಪ್ಪಯ್ಯ! ಕತ್ತೆತ್ತಿ, ಕೈ ಮುಗಿದು, ಕಣ್ಣು ತುಂಬಿಕೊಂಡು ನಿಂತಿದ್ದಾನೆ.

"ಆ ಯಜಮಾನನ್ ಭಕ್ತಿ ನೋಡ್ಲಾ! ಬಾವುಟಕ್ಕೆ ಎಂಗ್ ಕೈ ಮುಗುದವ್ನೆ!" ಎಂದು ಗಾಡಿಯವನೊಬ್ಬ ಜೊತೆಗಾರನಿಗೆ ತೋರಿಸಿದ.

ನನಗೆ ನಗು ತಡೆಯಲಾಗಲಿಲ್ಲ. ಅಪ್ಪಯ್ಯ ಬಾವುಟವನ್ನು ಹುಲ್ಲಿನ ಹೊರೆಯ ಹಾಗೆ ಬಿಗಿದು ಕಟ್ಟಿ ಕಂಬದ ತುದಿಗೇರಿಸಿದ್ದನಲ್ಲ, ಹಗ್ಗ ಎಳೆದಷ್ಟೂ ಗಂಟು ಬಿಗಿಯಾಗಿ, "ಬಿಚ್ಕಳವ್ವ ತಾಯಿ, ನನ್ ಮಾನ ಉಳ್ಸು" ಎಂದು ಮಾರಮ್ಮನಿಗೆ ಮೊರೆಯಿಟ್ಟನಲ್ಲ, ಇದು ಅದೇ ಗಳಿಗೆ! ನೀನು ಕಂಬ ಹತ್ತಿ ಬಿಚ್ಚಿದ್ದು ಆಮೇಲೆ. ಆ ನಾಚಿಕೆಗೆ ಅವನು ಅರಳಿಕಟ್ಟೆಯ ಕಡೆ ತಲೆಹಾಕಲಿಲ್ಲ, ನನ್ನನ್ನು ಬಸ್ಸು ಹತ್ತಿಸಲೂ ಬರಲಿಲ್ಲ.

"ಅದು ನಮ್ಮಪ್ಪ ಕಣ್ರಪ್ಪ" ಎಂದೆ. ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು!

ಜ್ವರ ಬಿಟ್ಟಿದೆ, ಸಕ್ಕರೆ ಕಾರ್ಖಾನೆಯ ಕೆಲಸ ಒಗ್ಗಿದೆ. ಹೋಟೆಲಿನ ಅನ್ನ ಮಾತ್ರ ಹೊಟ್ಟೆಗೆ ಸಾಲದು. ರಾಗಿಹಿಟ್ಟು ಕಳಿಸು, ಅಪ್ಪಯ್ಯನ ಕೈಯಲ್ಲೇ ಕಳಿಸು. ಬರುವುದಿಲ್ಲ ಅಂದರೆ ಈ ಮಾತನ್ನು ಗಟ್ಟಿಯಾಗಿ ಓದು: ಚಿತ್ರದಲ್ಲಿ ಕಂಬದ ತುದಿ ಬಂದಿಲ್ಲ. ಗಂಟು ಯಾರಿಗೂ ಕಾಣುವುದಿಲ್ಲ.

ಚಲುವ