ಅಪ್ಪನ ಕ್ಯಾಮೆರಾದೊಳಗಿನ ಚುಕ್ಕೆ

ಷಡಕ್ಷರಿ,

ಬೆಳಗೋಡಿನವರ ಆಲ್ಬಮ್ ಕೊಟ್ಟು ಸಂಜೆಗೆ ಬರುತ್ತೇನೆ. ನಾಳೆ ಆನೇಮಹಲ್ ಮದುವೆ. ಅಷ್ಟರೊಳಗೆ ಅಪ್ಪನ ಕ್ಯಾಮೆರಾದ ಸೆನ್ಸರ್ ನೀನೇ ಕ್ಲೀನ್ ಮಾಡು.

ಫ್ಯಾನ್ ಆಫ್ ಮಾಡಿ ಕೂತುಕೋ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಟ್ಟಿದ್ದೇನೆ. ಅರ್ಧದಲ್ಲಿ ಮುಗಿದರೆ, ಸೆನ್ಸರಿನ ಮುಂದೆ ಮೇಲೆದ್ದು ನಿಂತ ಕನ್ನಡಿ ನಿನ್ನ ಕೈಯ ಒರೆಸುವ ಕಡ್ಡಿಯ ಮೇಲೇ ಬೀಳುತ್ತದೆ. ಸೆನ್ಸರಿನ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತದೆ, ಫೋಟೋದಲ್ಲಿ ಮೇಲಿರುವ ಕಲೆ ಅಲ್ಲಿ ಕೆಳಗಿರುತ್ತದೆ, ಮರೆಯಬೇಡ. ರಬ್ಬರ್ ಬ್ಲೋಯರ್ ಒತ್ತಿ ಬಿಡುವ ಗಾಳಿಗೆ ಅದು ಹೋಗುವುದಿಲ್ಲ. ಹೊಸ ಕಡ್ಡಿಗೆ ಎರಡು ಹನಿ ಲಿಕ್ವಿಡ್ ಹಾಕಿ, ಒಂದೇ ಕಡೆಗೆ, ಒಂದೇ ಸಲ ಎಳೆ. ಬಾಯಲ್ಲಿ ಮಾತ್ರ ಊದಬೇಡ ಕಣೋ, ನಿನಗೂ ಅಪ್ಪನದೇ ಚಾಳಿ.

ಆ ಕಲೆ ಧೂಳಲ್ಲ. ಹೊಂಗಡಹಳ್ಳದ ನಾಮಕರಣದಲ್ಲಿ ಅಪ್ಪ ಗಾಳಿಗೆ ನಿಂತು ಲೆನ್ಸ್ ಬದಲಿಸಿದರು, ಧೂಳು ಬಿತ್ತೆಂದು ಬಾಯಲ್ಲೇ ಊದಿಬಿಟ್ಟರು. ಜನರೆದುರಿಗೇ ಬೈದೆ. "ಒಂದ್ಸಲ ಊದುದ್ರೆ ಏನಾಯ್ತದವ್ವ, ಧೂಳು ಹೋಯ್ತಲ್ಲ ಬುಡು" ಅಂದರು. ಎಂಜಲ ಹನಿ ಅಲ್ಲೇ ಒಣಗಿತು. ನಾಲ್ಕನೇ ದಿನಕ್ಕೆ ಅವರೇ ಇಲ್ಲ.

ಅಂದಿನಿಂದ ಯಾರ ಫೋಟೋ ತೆಗೆದರೂ ಅವರ ತಲೆಯ ಮೇಲೆ ಆ ಬೂದು ಚುಕ್ಕೆ ಬಂದು ನಿಲ್ಲುತ್ತದೆ. ನಿನ್ನೆ ಬರೀ ಬಿಳಿ ಗೋಡೆ ತೆಗೆದೆ, ಅಲ್ಲೂ ನಿಂತಿತ್ತು. ಮೂರು ಸಲ ಕಡ್ಡಿ ಹಿಡಿದು ಕೂತೆ, ಕೈಯೇ ಏಳಲಿಲ್ಲ.

ಒರೆಸಿದ ಮೇಲೆ ಗೋಡೆಯದೊಂದು ಫೋಟೋ ತೆಗೆದು ನೋಡು. ನನಗೆ ತೋರಿಸಬೇಡ.

ಆ ಕಡ್ಡಿಯನ್ನು ಕಸಕ್ಕೆ ಹಾಕಬೇಡ. ಅಪ್ಪನ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟಿದ್ದೇನೆ. ಅದರೊಳಗಿಟ್ಟು ಮುಚ್ಚು.

ಅಕ್ಕ